ಒಂಟಿಗಾಲಿಯ ಮೇಲಿನ ಹೊರೆ

ನಮ್ಮ ನುಡಿಯಲ್ಲಿ ‘ಹೊರು’ ಎಂಬ ಕ್ರಿಯಾಪದಕ್ಕೆ ಬಿಡುವೆಂಬುದೇ ಇಲ್ಲ. ಸೌದೆ ಹೊರುತ್ತೇವೆ, ನೀರು ಹೊರುತ್ತೇವೆ. ಅಷ್ಟಕ್ಕೆ ನಿಲ್ಲದೆ ಹೊಣೆ ಹೊರುತ್ತೇವೆ, ಹರಕೆ ಹೊರುತ್ತೇವೆ, ಪರರ ಮೇಲೆ ತಪ್ಪನ್ನೂ ಹೊರಿಸುತ್ತೇವೆ. ಕಣ್ಣಿಗೆ ಕಾಣುವ ಹೊರೆಗೂ ಕಾಣದ ಹೊರೆಗೂ ಒಂದೇ ಮಾತನ್ನು ಬಳಸಿದ ಹಿರಿಯರು, ಹೊರುವುದೂ ಒಂದು ವಿದ್ಯೆಯೆಂಬುದನ್ನು ಬಲ್ಲವರಾಗಿದ್ದರು. ಆದರೆ ಆ ವಿದ್ಯೆಯನ್ನು ಕುರಿತು ಬರೆದವರು ವಿರಳ. ಹೊತ್ತವರಿಗೆ ಬರೆಯುವ ಬಿಡುವಿರಲಿಲ್ಲ. ಬರೆಯಬಲ್ಲವರಿಗೆ ಹೊರುವ ಪ್ರಸಂಗ ಬರಲಿಲ್ಲ. ಈ ಸಂಚಿಕೆಯಲ್ಲಿ ಆ ವಿಷಯವನ್ನೇ ವಾಚಕರ ಮುಂದಿಡಬೇಕೆಂದಿದ್ದೇನೆ.

ವಿಷಯವನ್ನು ಅತ್ಯಂತ ಕಠಿಣವಾದ ಉದಾಹರಣೆಯಿಂದಲೇ ಆರಂಭಿಸುವುದು ಉಚಿತ. ಒಂಟಿಗಾಲಿಯ ಸೈಕಲ್ಲನ್ನು ನಮ್ಮವರು ಸರ್ಕಸ್ಸಿನ ಡೇರೆಯಲ್ಲಿ ಕಂಡಿದ್ದಾರೆ. ಅದಕ್ಕೆ ಹಿಡಿದು ತಿರುಗಿಸುವ ಹ್ಯಾಂಡಲ್ಲಿಲ್ಲ. ಸಾಮಾನ್ಯವಾಗಿ ಸರಪಳಿಯೂ ಇಲ್ಲ. ಪೆಡಲುಗಳು ಗಾಲಿಯ ಅಚ್ಚಿಗೇ ಕೂಡಿಕೊಂಡಿರುತ್ತವೆ. ಕಾಲು ನಿಂತರೆ ಗಾಲಿಯೂ ನಿಂತಿತು. ಕಾಲು ಹಿಂದಕ್ಕೆ ತಿರುಗಿದರೆ ಗಾಲಿಯೂ ಹಿಂದಕ್ಕೆ. ಸಾಮಾನ್ಯ ಸೈಕಲ್ಲು ನೆಲವನ್ನು ಎರಡು ಕಡೆಗಳಲ್ಲಿ ಮುಟ್ಟಿದರೆ, ಇದು ಮುಟ್ಟುವುದು ಅಂಗೈಯಗಲದ ಒಂದೇ ಜಾಗವನ್ನು. ಸವಾರನು ತನ್ನ ಮೈಯನ್ನು ಹಿಡಿದು ನಿಲ್ಲಿಸುವುದೇ ದುಸ್ತರವಾಗಿರುವ ಇಂಥ ವಾಹನದ ಮೇಲೆ ಹೊರೆಯನ್ನೂ ಹೇರಿಕೊಂಡು ಹೋಗುವುದು ಹುಚ್ಚಾಟವೆಂದೇ ತೋರಬಹುದು.

ಆದರೆ ಹಾಗೆ ಹೋದವರುಂಟು. ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಎಡ್ ಪ್ರಾಟ್ ಎಂಬ ತರುಣನು ೨೦೧೫ರ ಮಾರ್ಚ್ ತಿಂಗಳಲ್ಲಿ, ತನ್ನ ೧೯ನೆಯ ವಯಸ್ಸಿನಲ್ಲಿ, ಒಂಟಿಗಾಲಿಯನ್ನೇರಿ ಮನೆಯಿಂದ ಹೊರಟನು. ಯೂರೋಪು, ಮಧ್ಯ ಏಷ್ಯಾ, ಚೀನಾ, ಆಸ್ಟ್ರೇಲಿಯಾ, ಅಮೆರಿಕಗಳ ರಸ್ತೆಗಳನ್ನು ಸವೆಸಿ ೨೦೧೮ರ ಜುಲೈ ತಿಂಗಳಲ್ಲಿ ಊರಿಗೆ ಮರಳಿದನು. ಅವನ ಹಿಂದೆ ಸಾಮಾನು ತುಂಬಿದ ಮೋಟಾರು ವಾಹನವೇನೂ ಬರುತ್ತಿರಲಿಲ್ಲ. ಗುಡಾರ, ಹಾಸಿಗೆ, ಬಟ್ಟೆಬರೆಗಳೆಲ್ಲವೂ ಅವನೊಡನೆಯೇ ಆ ಒಂದು ಗಾಲಿಯ ಮೇಲೆ ಸಾಗಬೇಕಾಗಿತ್ತು. ಗಾಲಿಯ ವ್ಯಾಸ ೩೬ ಇಂಚು; ಎಂದರೆ ಒಂದು ಸುತ್ತಿಗೆ ಸುಮಾರು ೨.೮೭ ಮೀಟರು ದಾರಿ. ಹೀಗೆ ಸುತ್ತು ಸುತ್ತಾಗಿ ಅವನು ಭೂಮಿಯನ್ನು ಬಳಸಿ ಬಂದನು. ಈ ಪ್ರವಾಸದ ಹೆಸರಿನಲ್ಲಿ ಅವನು ಸಂಗ್ರಹಿಸಿದ ಹಣವು, ಬಡ ಮಕ್ಕಳಿಗೆ ಪಾಠದ ಸಾಮಗ್ರಿಗಳನ್ನು ತುಂಬಿದ ಶಾಲಾಚೀಲವನ್ನು ಕೊಡುವ ಒಂದು ಧರ್ಮಸಂಸ್ಥೆಗೆ ಸಂದಿತು. ಚೀಲದ ಮಾತು ಮುಂದೆ ಮತ್ತೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಆತನ ಸಾಮಾನಿನ ಬಹುಭಾಗ ಇದ್ದುದು ಬೆನ್ನಿನ ಮೇಲಲ್ಲ. ಗಾಲಿಯ ಚೌಕಟ್ಟಿಗೆ ಹಿಂದೆ ಮುಂದೆ ಕಟ್ಟಿದ ಚೀಲಗಳಲ್ಲಿ. ಇದರಲ್ಲೊಂದು ಮರ್ಮವಿದೆ. ಅದನ್ನು ತಿಳಿಯಬೇಕಾದರೆ ಮನೆಯಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ಸೀಸದ ಕಡ್ಡಿಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಲು ಯತ್ನಿಸಿರಿ, ಕ್ಷಣದಲ್ಲಿ ಬೀಳುತ್ತದೆ. ಅನಂತರ ಒಂದು ಉದ್ದನೆಯ ಬಿದಿರ ಗಳುವನ್ನು ನಿಲ್ಲಿಸಿರಿ. ಕೈಯನ್ನು ಅತ್ತಿತ್ತ ಸರಿಸುತ್ತ ಬಹಳ ಹೊತ್ತು ಹಿಡಿದಿರಬಹುದು. ಕೋಲು ನಾಲ್ಕರಷ್ಟು ಉದ್ದವಾದರೆ ಅದು ವಾಲುವುದಕ್ಕೆ ಎರಡರಷ್ಟು ಕಾಲ ಹಿಡಿಯುತ್ತದೆಂದು ಭೌತಶಾಸ್ತ್ರವು ಲೆಕ್ಕ ಹಾಕಿದೆ. ಎತ್ತರವಾದದ್ದು ಬೇಗ ಬೀಳುತ್ತದೆಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಗಾಲಿಯ ಮೇಲಿನ ಸವಾರನು ಈ ಗಳುವಿನಂತೆ. ಕೆಳಗಿನ ಗಾಲಿಯು ನಮ್ಮ ಅಂಗೈಯಂತೆ. ಅವನು ಯಾವ ಕಡೆಗೆ ವಾಲುತ್ತಾನೋ ಆ ಕಡೆಗೇ ಗಾಲಿಯನ್ನು ಒಯ್ದು ತನ್ನ ಕೆಳಗೆ ತಂದುಕೊಳ್ಳುತ್ತಾನೆ. ಬೀಳುವ ದಿಕ್ಕಿನಿಂದ ಓಡಿಹೋಗುವುದಲ್ಲ, ಅದರ ಕಡೆಗೇ ನಡೆಯುವುದು ಅವನ ಸಾಧನೆ.

ಇದರಿಂದ ಹೊರುವ ವಿದ್ಯೆಯ ಮೊದಲನೆಯ ಸೂತ್ರವು ದೊರೆಯುತ್ತದೆ: ಹೊರೆಗೆ ಎತ್ತರವು ಶತ್ರುವಲ್ಲ, ಓರೆಯೇ ಶತ್ರು. ಗಾಲಿಯು ನೆಲವನ್ನು ಮುಟ್ಟುವ ಜಾಗದಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆಯನ್ನು ಎಳೆದೆವೆಂದು ಭಾವಿಸಿದರೆ, ಹೊರೆಯ ತೂಕವೆಲ್ಲ ಆ ಗೆರೆಗೆ ಹತ್ತಿರವಾಗಿರಬೇಕು. ಹತ್ತು ಕಿಲೋ ತೂಕ ನಡುಗೆರೆಯಲ್ಲಿದ್ದರೆ ಸಹ್ಯ. ಎರಡು ಕಿಲೋ ತೂಕವೇ ಆದರೂ ಚಾಚಿದ ಕೈಯ ತುದಿಯಲ್ಲಿದ್ದರೆ ಅಸಹ್ಯ. ಎಡ್ ಪ್ರಾಟನು ಚೀಲಗಳನ್ನು ಚೌಕಟ್ಟಿಗೆ ಒತ್ತಿ ಕಟ್ಟಿದುದು ಈ ಕಾರಣದಿಂದ. ಹಾಗೆ ಮಾಡಿದ್ದರಿಂದ ಅವನ ಬೆನ್ನೂ ತೋಳುಗಳೂ ತೂಗಾಟಕ್ಕೆ ಬಿಡುವಾಗಿ ಉಳಿದವು.

ಈ ಸೂತ್ರವನ್ನು ಕಲಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆಯ ಸಂತೆ ಜಾತ್ರೆಗಳನ್ನು ಬಲ್ಲ ಹಿರಿಯರಿಗೆ ಡೊಂಬರಾಟದ ಪರಿಚಯವಿರುತ್ತದೆ. ಕತ್ತರಿಯಾಗಿ ನಿಲ್ಲಿಸಿದ ಗಳುಗಳ ನಡುವೆ ಹಗ್ಗವನ್ನು ಬಿಗಿದು, ಕೆಳಗೆ ತಂದೆಯು ಡೋಲು ಬಡಿಯುತ್ತಿದ್ದರೆ, ಮೇಲೆ ಮಗಳು ತಲೆಯ ಮೇಲೆ ಚೆಂಬುಗಳನ್ನೋ ಗಡಿಗೆಗಳನ್ನೋ ಒಂದರ ಮೇಲೊಂದು ಇಟ್ಟುಕೊಂಡು ನಡೆಯುತ್ತಾಳೆ. ಆಟದ ಕೊನೆಯಲ್ಲಿ ಸೈಕಲ್ಲಿನ ಗಾಲಿಯ ಬಳೆಯೊಂದನ್ನು ಹಗ್ಗದ ಮೇಲಿಟ್ಟು, ಪಾದಗಳಿಂದ ಅದನ್ನು ಮುಂದಕ್ಕೆ ಉರುಳಿಸುತ್ತ ಸಾಗುವ ಪರಿಪಾಟವೂ ಉಂಟು. ಬಳೆಯ ಅಂಚಿನ ತಗ್ಗು ಹಗ್ಗವನ್ನು ಕಚ್ಚಿಕೊಳ್ಳುವುದರಿಂದ ಅದು ಪಕ್ಕಕ್ಕೆ ಜಾರದು. ಕೈಯಲ್ಲಿರುವ ಉದ್ದನೆಯ ಗಳುವು ಅಲಂಕಾರಕ್ಕಲ್ಲ. ಎರಡು ಪಕ್ಕಕ್ಕೂ ದೂರ ಚಾಚಿದ ಅದರ ತೂಕವು ಮೈ ವಾಲುವುದನ್ನು ನಿಧಾನಗೊಳಿಸಿ, ಸರಿಪಡಿಸಿಕೊಳ್ಳಲು ಅವಕಾಶವನ್ನು ಕೊಡುತ್ತದೆ. ಒಂಟಿಗಾಲಿ, ಅದರ ಮೇಲೆ ಹೊರೆ, ಕೆಳಗೆ ನೆಲದ ಬದಲು ಹಗ್ಗ! ಜಗತ್ತನ್ನು ಸುತ್ತಿದವನ ವಿದ್ಯೆಗೆ ಈ ವಿದ್ಯೆಯು ಕಿರಿದೆಂದು ಯಾರು ಹೇಳಬಲ್ಲರು? ಆದರೂ ಅವನಿಗೆ ಸಾಹಸಿಯೆಂಬ ಹೆಸರು ಬಂದಿತು. ಇವಳಿಗೆ ಬಂದುದು ಜನರು ಎಸೆದ ಚಿಲ್ಲರೆ ಕಾಸು ಮಾತ್ರ.

ಎರಡನೆಯ ಸೂತ್ರವು ಸಮತೂಕದ್ದು. ಇದಕ್ಕೆ ನಮ್ಮ ನೆರೆಯಲ್ಲಿಯೇ ಇತಿಹಾಸದ ಸಾಕ್ಷ್ಯವಿದೆ. ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪವು ಬಂಜಾರರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳ. ಅವರು ಜನಿಸಿದ್ದು ೧೭೩೯ರಲ್ಲಿ. ರೈಲು ಬರುವ ಮುಂಚೆ ದಖನ್ನಿನ ಉಪ್ಪು ದವಸಗಳು ಬಂಜಾರರ ಎತ್ತುಗಳ ಬೆನ್ನಿನ ಮೇಲೆ ಸಂಚರಿಸುತ್ತಿದ್ದವು. ಗಾಡಿಯ ದಾರಿಯಿಲ್ಲದ ಘಟ್ಟಗಳನ್ನೂ ಕಾಡುಗಳನ್ನೂ ಅವರ ಹೇರೆತ್ತುಗಳು ದಾಟುತ್ತಿದ್ದವು. ದೊಡ್ಡ ದೊಡ್ಡ ಸೈನ್ಯಗಳೇ ಅವರು ತರುವ ಧಾನ್ಯವನ್ನು ನಂಬಿಕೊಂಡಿದ್ದವು. ಎತ್ತಿನ ಬೆನ್ನಿಗೆ ಅಡ್ಡಲಾಗಿ ಹಾಕಿದ ಗೋಣಿಯ ಎರಡು ಮಗ್ಗುಲುಗಳೂ ಒಂದೇ ತೂಕವಿರಬೇಕು. ಒಂದು ಮಗ್ಗುಲು ಹೆಚ್ಚಾದರೆ ಹೇರು ಜಾರುತ್ತದೆ, ಎತ್ತಿನ ಬೆನ್ನು ಹುಣ್ಣಾಗುತ್ತದೆ, ಹುಣ್ಣಾದ ಎತ್ತು ದಾರಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಸಮವಾಗಿ ಹೇರುವುದು ಅವರಿಗೆ ಪ್ರಾಣಿದಯೆಯೂ ಹೌದು, ವ್ಯಾಪಾರದ ಬುದ್ಧಿಯೂ ಹೌದು.

ಆ ಎತ್ತಿನ ಸ್ಥಾನಕ್ಕೆ ಮುಂದೆ ಸೈಕಲ್ಲು ಬಂದಿತು. ಹೊನ್ನಾಳಿಯ ಹೊಳೆದಂಡೆಯ ಊರುಗಳಲ್ಲಿ ಹಸಿರುಹುಲ್ಲಿನ ಹೊರೆ, ಹಾಲಿನ ಕ್ಯಾನು, ಹಿಟ್ಟಿನ ಗಿರಣಿಗೆ ಒಯ್ಯುವ ಚೀಲ ಇವೆಲ್ಲ ಸೈಕಲ್ಲಿನ ಮೇಲೆಯೇ ಸಾಗಿವೆ. ಇಪ್ಪತ್ತು ಲೀಟರು ಹಾಲೆಂದರೆ ಇಪ್ಪತ್ತು ಕಿಲೋಗಿಂತ ತುಸು ಹೆಚ್ಚು. ಹೆಚ್ಚುಕಡಿಮೆ ಸೈಕಲ್ಲಿನಷ್ಟೇ ತೂಕ. ಒಂದೇ ಕ್ಯಾನಿದ್ದರೆ ಅನುಭವಿಗಳು ಅದನ್ನು ಪಕ್ಕಕ್ಕೆ ತೂಗುಹಾಕದೆ ಹಿಂದಿನ ಕ್ಯಾರಿಯರಿನ ನಡುವೆ ಕಟ್ಟುತ್ತಾರೆ. ಎರಡಿದ್ದರೆ ಎಡಬಲಕ್ಕೆ ಒಂದೊಂದು. ಎರಡು ಗಾಲಿಯ ಸೈಕಲ್ಲಿನಲ್ಲಿ ಮಾತ್ರ ಹೊರೆಯು ಕೆಳಗಿರುವುದು ಲೇಸು. ಏಕೆಂದರೆ ಸೈಕಲ್ಲು ನಿಂತೊಡನೆ ಅದನ್ನು ಆನಿಸಿ ಹಿಡಿಯಬೇಕಾದುದು ನಮ್ಮ ಒಂದು ಕಾಲು. ಹ್ಯಾಂಡಲ್ಲಿಗೆ ಭಾರವನ್ನು ತೂಗುಹಾಕುವುದಂತೂ ಸರ್ವಥಾ ಕೂಡದು. ಸೈಕಲ್ಲು ವಾಲಿದ ಕಡೆಗೆ ಹ್ಯಾಂಡಲ್ಲು ತಿರುಗಿ ಮತ್ತೆ ಅದನ್ನು ನೆಟ್ಟಗೆ ಮಾಡಬೇಕು. ಅಲ್ಲಿ ಚೀಲ ಜೋತಾಡುತ್ತಿದ್ದರೆ ಈ ತಿದ್ದುಪಡಿಗೆ ಅಡ್ಡಿಯಾಗುತ್ತದೆ. ಚೀಲವು ಗಾಲಿಯ ಕಡ್ಡಿಗಳಿಗೆ ಸಿಕ್ಕರೆ ಸವಾರನು ಮುಖ ಕೆಳಗಾಗಿ ಬೀಳುತ್ತಾನೆ.

ಮೂರನೆಯ ಸೂತ್ರ: ಹೊರೆಯು ತನ್ನಷ್ಟಕ್ಕೆ ತಾನು ಅಲುಗಬಾರದು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಾವು ವಿದ್ವಾಂಸರ ವಿನಯಕ್ಕೆ ಅನ್ವಯಿಸುತ್ತೇವೆ. ಆದರೆ ಅದನ್ನು ಮೊದಲು ಕಂಡುಕೊಂಡವರು ನೀರು ಹೊತ್ತ ಹೆಂಗಸರು. ಕಂಠದವರೆಗೆ ತುಂಬಿದ ಕೊಡದಲ್ಲಿ ನೀರಿಗೆ ಓಡಾಡಲು ಜಾಗವಿಲ್ಲ. ಅರ್ಧ ತುಂಬಿದ ಕೊಡದಲ್ಲಿ ಹೆಜ್ಜೆ ಹೆಜ್ಜೆಗೂ ನೀರು ಅತ್ತಿತ್ತ ಬಡಿದು, ಹೊತ್ತವರ ನಡಿಗೆಯನ್ನೇ ಕೆಡಿಸುತ್ತದೆ. ಆದುದರಿಂದಲೇ ಬಾಯಗಲದ ಪಾತ್ರೆಯಲ್ಲಿ ನೀರು ತರುವಾಗ ಮೇಲೊಂದು ಎಲೆಗೊಂಚಲನ್ನು ತೇಲಿಬಿಡುವ ವಾಡಿಕೆ ಹುಟ್ಟಿತು. ಎಲೆಗಳು ಅಲೆಯನ್ನು ಅಡಗಿಸುತ್ತವೆ. ತಲೆಯ ಮೇಲಿನ ಬಟ್ಟೆಯ ಸಿಂಬೆಯು ಕೊಡದ ದುಂಡು ತಳಕ್ಕೆ ನೆಲೆಯನ್ನು ಕೊಟ್ಟು, ತೂಕವನ್ನು ಒಂದೇ ಬಿಂದುವಿನ ಮೇಲೆ ಒತ್ತದಂತೆ ಹರಡುತ್ತದೆ. ೧೯೮೬ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು, ಪೂರ್ವ ಆಫ್ರಿಕದ ಹೆಂಗಸರು ತಮ್ಮ ಮೈತೂಕದ ಐದನೆಯ ಒಂದು ಭಾಗದಷ್ಟು ಹೊರೆಯನ್ನು ತಲೆಯ ಮೇಲೆ ಹೊತ್ತು ನಡೆದಾಗ ಅವರಿಗೆ ಹೆಚ್ಚಿನ ಶಕ್ತಿಯೇ ವ್ಯಯವಾಗುವುದಿಲ್ಲವೆಂದು ತೋರಿಸಿ ಲೋಕವನ್ನು ಬೆರಗುಗೊಳಿಸಿತು. ಹಾಗೆಂದು ಅವರ ಕತ್ತಿಗೆ ನೋವಿಲ್ಲವೆಂದು ಯಾರೂ ತಿಳಿಯಬಾರದು. ಅಭ್ಯಾಸದ ಬಲದಿಂದ ಮೈಯು ಎಷ್ಟು ಹೊಂದಿಕೊಳ್ಳಬಲ್ಲುದೆಂಬುದಕ್ಕೆ ಅದು ನಿದರ್ಶನವೇ ಹೊರತು, ಹೊರಿಸುವವರಿಗೆ ಕೊಟ್ಟ ಪರವಾನಗಿಯಲ್ಲ.

ಇಲ್ಲಿಂದ ಮುಂದಿನ ಮಾತು ಹೆಚ್ಚು ಮುಖ್ಯವಾದುದು. ಎಲ್ಲಿ ಹೊರಬೇಕು, ಹೇಗೆ ಹೊರಬೇಕು ಎಂದು ಬಲ್ಲವರು, ಹೊರಲೇಬೇಕೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಒಂದೇ ಗಾಲಿಯ ಕೈಗಾಡಿಯನ್ನು ನೋಡಿರಿ. ನಮ್ಮ ಕಟ್ಟಡ ಕೆಲಸಗಳಲ್ಲಿ ಬಳಸುವ ಗಾಡಿಗೆ ಗಾಲಿ ಮುಂದಿರುತ್ತದೆ. ಆದುದರಿಂದ ಹೊರೆಯ ಒಂದು ಪಾಲು ಗಾಲಿಗೆ, ಮತ್ತೊಂದು ಪಾಲು ಆಳಿನ ಕೈಗಳಿಗೆ. ಪ್ರಾಚೀನ ಚೀನೀಯರು ದೊಡ್ಡ ಗಾಲಿಯನ್ನು ಗಾಡಿಯ ನಡುವೆಯೇ ಇಟ್ಟು, ಸಾಮಾನನ್ನು ಅದರ ಎರಡು ಪಕ್ಕಕ್ಕೂ ಹೇರಿದರು. ತೂಕವೆಲ್ಲ ಗಾಲಿಗೆ ಹೋಯಿತು; ಮನುಷ್ಯನ ಪಾಲಿಗೆ ಉಳಿದುದು ತೂಗಿಸಿ ತಳ್ಳುವುದೊಂದೇ. ಕ್ರಿ.ಶ. ೩ನೆಯ ಶತಮಾನದ ಸೇನಾಪತಿ ಝೂಗೆ ಲಿಯಾಂಗನು ಸೈನ್ಯಕ್ಕೆ ಧಾನ್ಯ ಸಾಗಿಸಲು ಇಂಥ ಸಾಧನವನ್ನು ರೂಪಿಸಿದನೆಂಬುದು ಅಲ್ಲಿನ ಪ್ರತೀತಿ. ಗಾಲಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದ ಮಾತ್ರಕ್ಕೆ ಮನುಷ್ಯನ ಹೊರೆ ಎಷ್ಟು ಇಳಿಯಿತೆಂಬುದನ್ನು ಗಮನಿಸಬೇಕು.

ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಇದೇ ವಿವೇಕದ ಇನ್ನೊಂದು ರೂಪವನ್ನು ಕಾಣಬಹುದು. ಅಡಿಕೆಯ ಮರವು ತೆಳ್ಳನೆಯ ಒಂದೇ ಕಂಬ. ಅದರ ನೆತ್ತಿಯಲ್ಲಿ ಕುಳಿತವನ ಸ್ಥಿತಿಯೂ ಒಂಟಿಗಾಲಿಯ ಸವಾರನ ಸ್ಥಿತಿಯೇ. ಅಂಥವನು ಗೊನೆಯನ್ನು ಹೆಗಲ ಮೇಲೆ ಹೊತ್ತು ಇಳಿಯುವುದಿಲ್ಲ. ಕೆಳಗೊಬ್ಬನು ಹಗ್ಗವನ್ನು ಓರೆಯಾಗಿ ಎಳೆದು ಹಿಡಿದಿದ್ದರೆ, ಮೇಲಿನವನು ಕೊಯ್ದ ಗೊನೆಯನ್ನು ಆ ಹಗ್ಗದ ಗುಂಟ ಜಾರಿಸುತ್ತಾನೆ. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಹಗುರವಾದ ದೋಟಿಗಳು ಬಂದು, ಮರ ಹತ್ತದೆ ನೆಲದ ಮೇಲೆ ನಿಂತೇ ಗೊನೆಯನ್ನು ಕೊಯ್ಯುವುದು ಸಾಧ್ಯವಾಗಿದೆ. ಹೊರೆಯನ್ನು ಹೊರುವ ಜಾಣ್ಮೆಗಿಂತ ಅದನ್ನು ತಪ್ಪಿಸುವ ಜಾಣ್ಮೆಯು ಒಂದು ಮೆಟ್ಟಿಲು ಮೇಲಿನದು.

ಭದ್ರೆಯ ನಾಲೆಯನ್ನು ಕಂಡ ಚನ್ನಗಿರಿಯ ಕಡೆಯಿಂದ ಉತ್ತರಕ್ಕೆ ಜಗಳೂರಿನತ್ತ ಹೋದರೆ ನೆಲದ ಬಣ್ಣವೇ ಬೇರೆ. ಅದು ಬರವನ್ನು ಬಹುಕಾಲದಿಂದ ಕಂಡ ಸೀಮೆ. ಬೇಸಗೆಯಲ್ಲಿ ಸೈಕಲ್ಲಿಗೆ ಬಿಂದಿಗೆಗಳನ್ನು ಕಟ್ಟಿಕೊಂಡು ನೀರಿಗಾಗಿ ಅಲೆದ ನೆನಪು ಅಲ್ಲಿನ ಅನೇಕ ಮನೆಗಳಲ್ಲಿದೆ. ಹದಿನೈದು ಲೀಟರಿನ ನಾಲ್ಕು ಬಿಂದಿಗೆಗಳೆಂದರೆ ಅರವತ್ತು ಕಿಲೋ. ಅಷ್ಟನ್ನು ಹೇರಿದ ಸೈಕಲ್ಲನ್ನು ಏರಿ ತುಳಿಯುವುದಕ್ಕಿಂತ ಪಕ್ಕದಲ್ಲಿ ನಡೆದು ತಳ್ಳುವುದೇ ಸುರಕ್ಷಿತ. ೧೯೫೪ರ ದಿಯೆನ್ ಬಿಯೆನ್ ಫು ಕದನದಲ್ಲಿ ವಿಯೆಟ್ನಾಮಿನ ರೈತರು ಸೈಕಲ್ಲಿನ ಹ್ಯಾಂಡಲ್ಲಿಗೆ ಬಿದಿರಿನ ಕೋಲನ್ನು ಕಟ್ಟಿ, ಇನ್ನೂರು ಕಿಲೋವನ್ನೂ ಮೀರಿದ ಹೊರೆಗಳನ್ನು ಬೆಟ್ಟದ ದಾರಿಯಲ್ಲಿ ತಳ್ಳಿಕೊಂಡೇ ಹೋದರು. ಆದರೆ ಯುದ್ಧಕ್ಕೆ ಕೊನೆಯಿತ್ತು. ಮನೆಗೆ ನೀರು ತರುವ ಕೆಲಸಕ್ಕೆ ಕೊನೆಯೆಲ್ಲಿ? ತುಂಗಭದ್ರೆಯಿಂದ ನೀರನ್ನೆತ್ತಿ ಜಗಳೂರು ಭಾಗದ ೫೭ ಕೆರೆಗಳನ್ನು ತುಂಬಿಸುವ ಯೋಜನೆಯ ಬೆಲೆಯನ್ನು ಕೇವಲ ಬೆಳೆಯ ಲೆಕ್ಕದಿಂದ ಅಳೆಯಲಾಗದು. ಕೆರೆ ತುಂಬಿದರೆ ಬಾವಿಗಳಿಗೂ ಕೊಳವೆಬಾವಿಗಳಿಗೂ ಜಲವೊದಗುತ್ತದೆ. ನೀರು ಊರ ಹತ್ತಿರಕ್ಕೆ ಬಂದಷ್ಟೂ ಒಂದೊಂದು ತಲೆಯ ಮೇಲಿನ ಕೊಡ ಇಳಿಯುತ್ತದೆ.

ಆ ತಲೆ ಯಾರದೆಂಬುದೇ ಕೊನೆಯ ಪ್ರಶ್ನೆ. ನಮ್ಮ ಪರಂಪರೆಯು ಹೊರುವ ಕಾಯಕವನ್ನು ಕೀಳೆಂದು ಎಂದೂ ಎಣಿಸಲಿಲ್ಲ. ಮೋಳಿಗೆಯೆಂದರೆ ಸೌದೆಯ ಹೊರೆ. ಸೌದೆ ಮಾರಿ ಬಾಳಿದ ಶರಣ ಮಾರಯ್ಯನವರನ್ನು ಆ ಹೊರೆಯ ಹೆಸರಿನಿಂದಲೇ ಮೋಳಿಗೆಯ ಮಾರಯ್ಯನೆಂದು ಕರೆದು ನಾವು ಗೌರವಿಸುತ್ತೇವೆ. ಆತ ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದವರೆಂಬುದು ಐತಿಹ್ಯ. ಕಿರೀಟವನ್ನು ಇಳಿಸಿ ಸೌದೆಯನ್ನು ತಲೆಗೇರಿಸಿದುದು ಅವರ ಸ್ವಂತ ಇಚ್ಛೆಯ ಆಯ್ಕೆ. ಹಾಗೆಯೇ ಎಡ್ ಪ್ರಾಟನು ಒಂಟಿಗಾಲಿಯನ್ನೇರಿದುದೂ ಸ್ವಂತ ಆಯ್ಕೆ. ಬೇಡವೆನಿಸಿದ ದಿನ ಆತನು ಇಳಿಯಬಹುದಾಗಿತ್ತು. ಹಗ್ಗದ ಮೇಲಿನ ಏಳು ವರ್ಷದ ಹುಡುಗಿಗೆ ಆ ಆಯ್ಕೆಯಿಲ್ಲ. ಅವಳ ತೂಗಾಟದ ಮೇಲೆ ಒಂದು ಸಂಸಾರದ ಅಂದಿನ ಊಟ ನಿಂತಿರುತ್ತದೆ. ತಲೆಯ ಮೇಲಿನ ಗಡಿಗೆಗಳಿಗಿಂತ ಆ ಹೊರೆಯು ಬಲು ಭಾರ. ವಿದ್ಯೆ ಒಂದೇ ಆದರೂ, ಇಚ್ಛೆಯಿಂದ ಹೊತ್ತದ್ದು ಕಾಯಕ, ಬಲಾತ್ಕಾರದಿಂದ ಹೊರಿಸಿದ್ದು ಹಿಂಸೆ.

ಸಮಾಧಾನದ ವಿಷಯವೆಂದರೆ ನಾಡಿನ ಕಾನೂನು ಈ ಭೇದವನ್ನು ಕಂಡಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ಶಿಕ್ಷಣವು ಹಕ್ಕೆಂದು ಸಾರಿದ ಅಧಿನಿಯಮವು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವಂತೆ ಸರ್ವೋಚ್ಚ ನ್ಯಾಯಾಲಯವು ೨೦೧೧ರ ಏಪ್ರಿಲ್ ೧೮ರಂದು ಆದೇಶಿಸಿತು. ೨೦೧೬ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿಯಾದಾಗ, ಮಕ್ಕಳು ಕಲಾವಿದರಾಗಿ ಪಾಲುಗೊಳ್ಳಲು ಕೊಟ್ಟ ರಿಯಾಯಿತಿಯಿಂದಲೂ ಸರ್ಕಸ್ಸನ್ನು ಹೊರಗಿರಿಸಲಾಯಿತು. ಆದರೆ ಸಂತೆಯ ಬೀದಿಯಲ್ಲಿ ಹಗ್ಗ ಕಟ್ಟಿದಾಗ ನೋಡುಗರಾದ ನಮ್ಮದೂ ಒಂದು ಪಾಲಿದೆ. ಕಾಸನ್ನು ಎಸೆದು ಕೈತೊಳೆದುಕೊಳ್ಳುವುದು ಸಾಲದು. ಆ ಅಲೆಮಾರಿ ಸಂಸಾರದ ಮಗುವನ್ನು ಹತ್ತಿರದ ಶಾಲೆಗೋ ವಸತಿನಿಲಯಕ್ಕೋ ಸೇರಿಸಲು ಊರಿನ ನಾಲ್ವರು ಮುಂದಾಗಬೇಕು. ವಿದ್ಯೆಯನ್ನು ಬಲ್ಲ ಹಿರಿಯರು ಸಭೆ ಉತ್ಸವಗಳಲ್ಲಿ ಆಟವಾಡಲಿ, ಉಳಿದ ಕಲಾವಿದರಂತೆ ಅವರಿಗೂ ಶಾಲು ಸಂಭಾವನೆಗಳು ಸಲ್ಲಲಿ. ಮಕ್ಕಳನ್ನು ಮಾತ್ರ ಹಗ್ಗದಿಂದ ಇಳಿಸಬೇಕು.

ಪರರ ಮಕ್ಕಳ ಮಾತಾಯಿತು. ನಮ್ಮ ಮನೆಯ ಮಕ್ಕಳ ಬೆನ್ನನ್ನೂ ನೋಡೋಣ. ಶಾಲಾಚೀಲದ ತೂಕವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬುದು ಒಪ್ಪಿತವಾದ ಅಳತೆ. ೨೦೧೯ರ ಮೇ ತಿಂಗಳಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯು ಹೊರಡಿಸಿದ ಸುತ್ತೋಲೆಯಂತೆ ಒಂದು ಮತ್ತು ಎರಡನೆಯ ತರಗತಿಗೆ ೧.೫ರಿಂದ ೨ ಕಿಲೋ, ಮೂರರಿಂದ ಐದಕ್ಕೆ ೨ರಿಂದ ೩, ಆರರಿಂದ ಎಂಟಕ್ಕೆ ೩ರಿಂದ ೪, ಒಂಬತ್ತು ಮತ್ತು ಹತ್ತಕ್ಕೆ ೪ರಿಂದ ೫ ಕಿಲೋ ಮಿತಿಯಾಗಿದೆ. ಮನೆಯಲ್ಲಿ ತಕ್ಕಡಿಯಿದ್ದವರು ಇಂದೇ ತೂಗಿ ನೋಡಬಹುದು. ಮೇಲೆ ಹೇಳಿದ ಮೂರು ಸೂತ್ರಗಳೂ ಇಲ್ಲಿ ಹಾಗೆಯೇ ಅನ್ವಯಿಸುತ್ತವೆ. ಭಾರವಾದ ಪುಸ್ತಕಗಳು ಬೆನ್ನಿಗೆ ಅಂಟಿದ ಕಡೆಗಿರಲಿ. ಎರಡು ಹೆಗಲಿಗೂ ಪಟ್ಟಿಗಳು ಸಮವಾಗಿ ಬರಲಿ, ಒಂದೇ ಹೆಗಲಿಗೆ ಜೋಲುಬಿಡುವುದು ಬೇಡ. ಪಟ್ಟಿಗಳನ್ನು ಬಿಗಿದು, ಚೀಲವು ಸೊಂಟದ ಕೆಳಗೆ ಜೋತು ಬಡಿಯದಂತೆ ನೋಡಿಕೊಳ್ಳಲಿ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಸರ್ಕಾರದ ಯೋಜನೆ ೨೦೦೬-೦೭ರಲ್ಲಿ ಆರಂಭವಾದ ಮೇಲೆ ಹಲವು ವರ್ಷಗಳ ಕಾಲ ಹಳ್ಳಿಯ ಹೆಣ್ಣುಮಕ್ಕಳೂ ಸೈಕಲ್ಲೇರಿ ಶಾಲೆಗೆ ಹೋದದ್ದನ್ನು ಕಂಡು ನಾವು ಸಂತೋಷಪಟ್ಟೆವು. ಸೈಕಲ್ಲಿನಲ್ಲಿ ಹೋಗುವ ಮಗುವಿಗೆ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸದೆ ಹಿಂದಿನ ಕ್ಯಾರಿಯರಿಗೆ ಕಟ್ಟುವುದನ್ನು ತಂದೆತಾಯಿಗಳೇ ಕಲಿಸಿಕೊಡಬೇಕು.

ಇದರೊಡನೆ ಆ ಚೀಲದಲ್ಲಿ ತೂಗಲಾಗದ ಹೊರೆಯೊಂದು ಇರುತ್ತದೆಂಬುದನ್ನೂ ಮರೆಯಬಾರದು. ತಂದೆಗೆ ದೊರೆಯದ ಪದವಿ, ತಾಯಿಯ ನೆರವೇರದ ಆಸೆ, ನೆರೆಮನೆಯ ಹುಡುಗನ ಅಂಕಗಳು, ಇವನ್ನೆಲ್ಲ ನಾವು ಎಳೆಯ ಹೆಗಲಿಗೆ ಏರಿಸುತ್ತಿರುತ್ತೇವೆ. ಮಗುವು ಒಂಟಿಗಾಲಿಯ ಸವಾರನಂತೆ ಇನ್ನೂ ತನ್ನ ಮೈಯನ್ನೇ ತೂಗಿಸಿಕೊಳ್ಳಲು ಕಲಿಯುತ್ತಿರುತ್ತದೆ. ಮೊದಲು ಅದು ನಿಲ್ಲುವುದನ್ನು ಕಲಿಯಲಿ, ಆಮೇಲೆ ನಡೆಯುವುದನ್ನು. ಹೊರುವ ಕಾಲ ತಾನಾಗಿ ಬರುತ್ತದೆ. ಈ ರಾತ್ರಿ ಮಕ್ಕಳು ಮಲಗಿದ ಮೇಲೆ ಅವರ ಚೀಲವನ್ನೊಮ್ಮೆ ನಿಮ್ಮ ಕೈಯಿಂದಲೇ ಎತ್ತಿ ನೋಡಿರಿ, ನಾಳೆಯ ಪಾಠಕ್ಕೆ ಬೇಡವಾದುದನ್ನು ತೆಗೆದಿಡಿರಿ.